ಆಡಿಷನ್‌ಗೆ ವರ್ಣವೋ, ಕೃತಿಯೋ?

ಕರ್ನಾಟಕ ಸಂಗೀತ ಪದವಿಯ ಆಡಿಷನ್‌ಗೆ ವರ್ಣ (ಸ್ವರ-ಲಯಗಳೇ ಮುಖ್ಯವಾದ ರಚನೆ), ಕೃತಿ (ಸಾಹಿತ್ಯವೂ ಮುಖ್ಯವಾದ ರಚನೆ) ಎರಡರಲ್ಲಿ ಯಾವುದು ಎಂದು ಕೇಳಿದ್ದೀರಿ. ತಾಳ ಗಟ್ಟಿಯಿದ್ದು, ಮನೋಧರ್ಮ, ಅಂದರೆ ಸ್ಥಳದಲ್ಲೇ ಕಲ್ಪಿಸಿ ಹಾಡುವುದು, ಇನ್ನೂ ಪಳಗದಿದ್ದರೆ ವರ್ಣ ಹಾಡಿ. ಮೋಹನ ರಾಗದ ಆದಿತಾಳ ವರ್ಣವನ್ನು ಎರಡು ಕಾಲದಲ್ಲಿ (ಒಮ್ಮೆ ನಿಧಾನವಾಗಿ, ಒಮ್ಮೆ ಇಮ್ಮಡಿ ವೇಗದಲ್ಲಿ) ಹಾಡಿದರೆ ಶ್ರುತಿ, ಲಯ, ಸ್ವರಜ್ಞಾನ ಮೂರೂ ಗೊತ್ತಾಗುತ್ತವೆ. ಆದರೆ ತಪ್ಪು ಮುಚ್ಚಿಡಲು ಜಾಗವಿಲ್ಲ: ಒಂದನೇ ಕಾಲವನ್ನೇ ಅವಸರದಲ್ಲಿ ಎತ್ತಿಕೊಂಡರೆ ಎರಡನೇ ಕಾಲದ ಎತ್ತುಗಡೆ ಸ್ವರಗಳಲ್ಲಿ (ವರ್ಣದ ಕೊನೆಯ ಭಾಗದ ಸ್ವರಗುಚ್ಛಗಳಲ್ಲಿ) ಉಸಿರು ಸಾಲದು.

ಆಲಾಪನೆ (ಸಾಹಿತ್ಯವಿಲ್ಲದೆ ರಾಗವನ್ನು ಬೆಳೆಸುವುದು), ಕಲ್ಪನಾಸ್ವರ (ಸ್ಥಳದಲ್ಲೇ ಸ್ವರ ಹೆಣೆದು ಹಾಡುವುದು) ರೂಢಿಯಿದ್ದವರಿಗೆ ಕೃತಿಯೇ ಮೇಲು. ನಿಮ್ಮತನ ಕಾಣುವುದು ಅಲ್ಲೇ. ಕಲಿಯಲು ಹೆಚ್ಚು ಸಮಯ ಬೇಕು, ಸಾಹಿತ್ಯದ ಉಚ್ಚಾರ ತಿದ್ದಲು ಗುರುಗಳೂ ಬೇಕು.

ಸಂದರ್ಶನಕ್ಕೆ ವರ್ಣ ಸುಲಭ: ಮೋಹನ 28ನೇ ಮೇಳ (ಮೂಲರಾಗ) ಹರಿಕಾಂಭೋಜಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ, ಮಧ್ಯಮ-ನಿಷಾದ ಸ್ವರಗಳು ವರ್ಜ್ಯ (ಬರುವುದಿಲ್ಲ) ಎಂದು ಹೇಳಬಹುದು. ಕೃತಿಯಾದರೆ ವಾಗ್ಗೇಯಕಾರರ (ಸಾಹಿತ್ಯ, ಸಂಗೀತ ಎರಡನ್ನೂ ರಚಿಸಿದವರ) ವಿಚಾರ, ಪ್ರತಿ ಸಾಲಿನ ಅರ್ಥವನ್ನೂ ಓದಿಕೊಂಡು ಹೋಗಿ.