ಪುಡಿಯ ಲೈನಿಗೆ ಮೆಟಲ್ ಡಿಟೆಕ್ಟರ್: ಬೆಲ್ಟಿನದೋ, ಕೊಳವೆಯದೋ?

ಶಿವಮೊಗ್ಗದ ಹೊರವಲಯದಲ್ಲಿರುವ ನಮ್ಮ ಮಸಾಲೆ ಘಟಕದ ಸಾರಿನ ಪುಡಿಯಲ್ಲಿ ಸಿಕ್ಕಿದ ತಂತಿಯ ಚೂರೊಂದನ್ನು ಗ್ರಾಹಕರೊಬ್ಬರು ಬಿಳಿ ಕಾಗದಕ್ಕೆ ಅಂಟಿಸಿ ತಂದು ಮೇಜಿನ ಮೇಲಿಟ್ಟರು. 8 ಮಿ.ಮೀ. ಉದ್ದ, ಹೊಲಿಗೆಯ ದಾರದಷ್ಟು ದಪ್ಪ. ಜರಡಿ ಬಿಚ್ಚಿ ನೋಡಿದರೆ ಸ್ಟೀಲ್ ಬಲೆಯ ಒಂದು ಮೂಲೆ ಹರಿದಿತ್ತು. ಮಸಾಲೆ ಕುಟ್ಟಿ ಪುಡಿ ಮಾಡುವ ಯಂತ್ರದ, ಅಂದರೆ ಪಲ್ವರೈಸರಿನ, ಕೆಳಗಿನ ಮ್ಯಾಗ್ನೆಟ್ ಸವೆದ ಸುತ್ತಿಗೆಗಳ ಕಬ್ಬಿಣವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅದಕ್ಕೆ ಹೆಚ್ಚುಕಡಿಮೆ ಅಂಟುವುದಿಲ್ಲ, ಮೇಲಾಗಿ ನಮ್ಮ ಜರಡಿ ಮ್ಯಾಗ್ನೆಟ್ ದಾಟಿದ ಮೇಲೆ ಇದೆ.

ಹೀಗಾಗಿ ಎರಡು ಬಗೆಯ ಮೆಟಲ್ ಡಿಟೆಕ್ಟರುಗಳನ್ನು ಪರೀಕ್ಷೆಗೆಂದು ತರಿಸಿ, ಒಂದೊಂದನ್ನು ಮೂರು ವಾರ ಓಡಿಸಿ ನೋಡಿದೆವು. ಮೊದಲನೆಯದು ಪ್ಯಾಕಿಂಗ್ ಮುಗಿದ ಪೊಟ್ಟಣಗಳು ಬೆಲ್ಟಿನ ಮೇಲೆ ಸುರಂಗದೊಳಗೆ ಸಾಗುವ ಮಾದರಿ. ಎರಡನೆಯದು ಜರಡಿಗೂ ಪೌಚ್ ಯಂತ್ರಕ್ಕೂ ನಡುವೆ ಪುಡಿ ಬೀಳುವ ಕೊಳವೆಗೇ ಸುತ್ತುವರಿದು ಕೂರುವ ಮಾದರಿ. ಒಳಗಿನ ತತ್ತ್ವ ಎರಡರಲ್ಲೂ ಒಂದೇ: ನಡುವೆ ಒಂದು ಪ್ರಸಾರ ಸುರುಳಿ, ಅದರ ಎರಡು ಬದಿಗೆ ಸಮದೂರದಲ್ಲಿ ಸಂಕೇತ ಹಿಡಿಯುವ ಒಂದೊಂದು ಸುರುಳಿ, ಲೋಹ ಹಾದಾಗ ಕದಡುವ ಅವುಗಳ ಸಮತೋಲ.

ಬೆಲ್ಟ್ ಯಂತ್ರದ ದೊಡ್ಡ ಅನುಕೂಲವೆಂದರೆ ಅದು ಎಲ್ಲಕ್ಕಿಂತ ಕೊನೆಗೆ ನಿಲ್ಲುತ್ತದೆ. ಪೌಚ್ ಯಂತ್ರದಿಂದಲೇ ಸ್ಕ್ರೂ ಉದುರಿ ಒಳಗೆ ಬಿದ್ದರೂ ತಪ್ಪಿಸಿಕೊಳ್ಳಲಾರದು. ಆದರೆ ಪೊಟ್ಟಣ ಹಾಯಲು ಬಾಯಿ ಅಗಲವಾಗಿರಲೇಬೇಕು, ಬಾಯಿ ಅಗಲವಾದಷ್ಟೂ ಸೂಕ್ಷ್ಮತೆ ಕುಸಿಯುತ್ತದೆ, ಅದರಲ್ಲೂ ಸುರಂಗದ ನಟ್ಟನಡುವೆ ತೀರ ಕಡಿಮೆ. ನಮ್ಮದು 150 ಮಿ.ಮೀ. ಎತ್ತರದ ಬಾಯಿ. ಯಂತ್ರದ ಪರೀಕ್ಷೆಗೆ ಬಳಸುವ ಲೋಹದ ಗುಂಡುಗಳಲ್ಲಿ ಕಬ್ಬಿಣದ 1.5 ಮಿ.ಮೀ. ಗುಂಡನ್ನು ಎಲ್ಲಿಟ್ಟರೂ ಹಿಡಿಯಿತು. ಸ್ಟೇನ್‌ಲೆಸ್ ಗುಂಡು ಮಾತ್ರ 2.5 ಮಿ.ಮೀ. ಆಗುವವರೆಗೆ ನಂಬುವಂತಿರಲಿಲ್ಲ. ಕಾಗದಕ್ಕೆ ಅಂಟಿಸಿದ್ದ ಆ ತಂತಿಯನ್ನೇ ಪೊಟ್ಟಣಕ್ಕೆ ಕಟ್ಟಿ ಅಡ್ಡಡ್ಡವಾಗಿ ಹತ್ತು ಸಲ ಕಳಿಸಿದಾಗ ನಾಲ್ಕು ಸಲ ಹಿಡಿಯಿತು. ಬೆಲ್ಟ್ ಸಾಗುವ ದಿಕ್ಕಿಗೇ ಉದ್ದುದ್ದವಾಗಿ ಕಳಿಸಿದಾಗ ಒಂದು ಸಲವೂ ಇಲ್ಲ. ಸ್ಟೇನ್‌ಲೆಸ್ ತಂತಿಯ ಗುಣವೇ ಅದು. ಕಬ್ಬಿಣದ ತಂತಿಯಾಗಿದ್ದರೆ ಇದು ತಿರುಗುಮುರುಗಾಗುತ್ತಿತ್ತು. ಗುಂಡಿನ ಲೆಕ್ಕವನ್ನಷ್ಟೇ ತೋರಿಸಿ ಮಾರುವವರು ಈ ಸಂಗತಿಯನ್ನು ತಾವಾಗಿ ಹೇಳುವುದಿಲ್ಲ.

ಅಳವಡಿಕೆಯಲ್ಲೂ ಈ ಯಂತ್ರ ನಮ್ಮನ್ನು ಸತಾಯಿಸಿತು. ಸುರಂಗದ ಎರಡೂ ತುದಿಗಳಿಂದ ಬಾಯಿಯ ಎತ್ತರದ ಸುಮಾರು ಒಂದೂವರೆ ಪಟ್ಟು ದೂರದವರೆಗೆ ಸ್ಥಿರ ಲೋಹವೂ, ಎರಡು ಪಟ್ಟು ದೂರದವರೆಗೆ ಚಲಿಸುವ ಲೋಹವೂ ಇರಬಾರದು. ಇಷ್ಟನ್ನೂ ಪಾಲಿಸಿದ ಮೇಲೂ ಪಲ್ವರೈಸರ್ ಚಾಲೂ ಆದಾಗಲೆಲ್ಲ ಒಳ್ಳೆಯ ಪೊಟ್ಟಣಗಳೇ ಹೊರಬೀಳುತ್ತಿದ್ದವು. ಸರಬರಾಜುದಾರರ ಕಡೆಯಿಂದ ಬಂದವರು ಸೂಕ್ಷ್ಮತೆಯನ್ನು ಇಳಿಸಿ ಹೊರಟುಹೋದರು, ಅದು ಜ್ವರ ಜಾಸ್ತಿಯೆಂದು ಥರ್ಮಾಮೀಟರ್ ಎತ್ತಿಟ್ಟ ಹಾಗೆ. ನಿಜವಾದ ಕಾರಣ ಎರಡಿದ್ದವು: ಪಲ್ವರೈಸರ್ ಡ್ರೈವ್ ಇದ್ದ ವಿದ್ಯುತ್ ಲೈನಿನಲ್ಲೇ ಡಿಟೆಕ್ಟರನ್ನೂ ಜೋಡಿಸಿದ್ದು, ಮತ್ತು ಬೆಲ್ಟಿನ ಚೌಕಟ್ಟಿನಲ್ಲಿ ಸಡಿಲವಾಗಿದ್ದ ಒಂದು ಬೋಲ್ಟ್, ಅದುರಿದಾಗ ಅಲ್ಲೊಂದು ವಿದ್ಯುತ್ ಹರಿಯುವ ಕುಣಿಕೆ ಒಮ್ಮೆ ಕೂಡಿ ಒಮ್ಮೆ ಬಿಡುತ್ತ ಯಂತ್ರಕ್ಕೆ ಲೋಹದಂತೆ ಕಾಣುತ್ತಿತ್ತು. ಬೇರೆ ಲೈನ್, ಬೇರೆ ಅರ್ತಿಂಗ್, ಬಿಗಿಯಾದ ಬೋಲ್ಟ್ ಇಷ್ಟರಿಂದಲೇ ತೊಂದರೆ ನಿಂತಿತು.

ಕೊಳವೆಯ ಮಾದರಿಯ ಬಾಯಿ ಬರೇ 75 ಮಿ.ಮೀ. ಸ್ಟೇನ್‌ಲೆಸ್ ಗುಂಡು 1.2 ಮಿ.ಮೀ. ಇದ್ದರೂ ಹಿಡಿಯಿತು, ಅದೇ ತಂತಿಯನ್ನು ಪುಡಿಯೊಡನೆ ಹತ್ತು ಸಲ ಬೀಳಿಸಿದಾಗ ಎಂಟು ಸಲ ತಿರಸ್ಕಾರದ ಡಬ್ಬಿಯಲ್ಲಿ ಸಿಕ್ಕಿತು. ಪೌಚ್ ಫಿಲ್ಮ್ ಯಾವುದಾದರೂ ಇದಕ್ಕೆ ಚಿಂತೆಯಿಲ್ಲ. ಅಲ್ಯೂಮಿನಿಯಂ ಫಾಯಿಲ್ ಪದರದ ಪೊಟ್ಟಣಕ್ಕೆ ಹೋಗಬೇಕೆಂಬ ಆಲೋಚನೆ ನಮಗಿದೆ. ಆಗ ಬೆಲ್ಟ್ ಯಂತ್ರಕ್ಕೆ ಪ್ರತಿ ಪೊಟ್ಟಣವೂ ಲೋಹವಾಗಿಯೇ ಕಾಣುತ್ತದೆ.

ಈ ಮಾದರಿ ಕೇಳುವುದು ಎತ್ತರದ ಜಾಗವನ್ನು. ಲೋಹ ಕಂಡ ಮೇಲೆ ಪುಡಿಯನ್ನು ತಿರಸ್ಕಾರದ ಡಬ್ಬಿಗೆ ತಿರುಗಿಸುವ ಕವಾಟ ಹೊರಳಲು ಸಮಯ ಬೇಕು, ಆ ಸಮಯ ಸಿಗಬೇಕಾದರೆ ಪುಡಿ ಅಷ್ಟು ದೂರ ಬೀಳಬೇಕು. ಇದಕ್ಕಾಗಿ ಜರಡಿಯನ್ನು ಎರಡೂವರೆ ಅಡಿ ಎತ್ತರಿಸಿ ಅಟ್ಟಣಿಗೆ ಕಟ್ಟಿಸಿದೆವು, ಆ ಖರ್ಚು ಯಾವ ಕೊಟೇಶನ್ನಿನಲ್ಲೂ ಇರಲಿಲ್ಲ. ಪ್ರತಿ ಸಲ ಒಂದೆರಡು ಹಿಡಿ ಒಳ್ಳೆಯ ಪುಡಿಯೂ ಡಬ್ಬಿ ಸೇರುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಮೆಣಸಿನ ಪುಡಿ ತೇವ ಹೀರಿ ಕೊಳವೆಯ ಒಳಗೋಡೆಗೆ ಮೆತ್ತಿಕೊಂಡು, ಹೆಪ್ಪುಹೆಪ್ಪಾಗಿ ಕಳಚಿ ಬೀಳುತ್ತಿದ್ದುದರಿಂದ ದಿನಕ್ಕೆರಡು ಸಲ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಬೇಕಾಯಿತು.

ಇಷ್ಟಾದರೂ ಪುಡಿಗೆ ಕೊಳವೆಯದನ್ನೇ ಉಳಿಸಿಕೊಂಡೆವು, ಏಕೆಂದರೆ ನಮ್ಮ ಅಪಾಯ ಇದ್ದದ್ದು ಜರಡಿಯ ಬಲೆಯಲ್ಲಿ. ಪೌಚ್ ಯಂತ್ರದ ಸ್ಕ್ರೂಗಳನ್ನು ಪಾಳಿ ಬದಲಾದಾಗಲೆಲ್ಲ ಎಣಿಸುತ್ತೇವೆ. ಅಪ್ಪೆಮಿಡಿ ಉಪ್ಪಿನಕಾಯಿಯ ಲೈನಿಗೆ ಮಾತ್ರ ಈ ತೀರ್ಮಾನ ಹೊಂದದು: ಮಿಡಿ ಕೊಳವೆಯಲ್ಲಿ ಸುರಿಯುವ ಪದಾರ್ಥವಲ್ಲ, ಉಪ್ಪುನೀರೇ ವಿದ್ಯುತ್ ಹರಿಸಿ ಲೋಹದಂತೆ ಸಂಕೇತ ಕೊಡುತ್ತದೆ, ಜಾಡಿಯ ಬಾಯಿಗೆ ಫಾಯಿಲ್ ಮುದ್ರೆ ಬೇರೆ. ಅಲ್ಲಿಗೆ ಉಪ್ಪುನೀರಿನ ಸಂಕೇತಕ್ಕೆ ಅಷ್ಟಾಗಿ ಮೋಸಹೋಗದ, ಕಡಿಮೆ ಆವರ್ತನದ ಬೆಲ್ಟ್ ಯಂತ್ರವೇ ಬೇಕು, ಅದೂ ಮುದ್ರೆ ಹಾಕುವ ಮೊದಲು. ಜಾಗ ಅಳೆದು ಇಟ್ಟಿದ್ದೇವೆ.