ಚಾರ್ಡ್, ಡಿಂಗ್ ಮತ್ತು ಒಂದು ಬೀಪ್: ಹಳೆ ಕಂಪ್ಯೂಟರಿನ ಸದ್ದಿಗೆ ನಾನು ನೋಡಿದ ಮೂರು ದಾರಿ

ಮನೆಯವರು ಪಕ್ಕದ ಕೋಣೆಯಲ್ಲಿ ಕೆಮ್ಮಿದರೂ ಅದು ಯಾರು ಅಂತ ನಮಗೆ ಗೊತ್ತಾಗುತ್ತದೆ, ಅಲ್ವಾ? ಹಳೆ ಕಂಪ್ಯೂಟರೂ ಹಾಗೇ ಇತ್ತು. ಪರದೆ ನೋಡುವ ಮೊದಲೇ ಒಳಗೆ ಏನೋ ಕೆಟ್ಟಿದೆ ಅಂತ ಕಿವಿಗೆ ತಿಳಿಯುತ್ತಿತ್ತು. ಆ ಸದ್ದು ಮತ್ತೆ ಬೇಕು ಅನಿಸಿ ಮೂರು ದಾರಿ ಹಿಡಿದು ನೋಡಿದೆ: ಬರೀ ಆಡಿಯೊ ಫೈಲು, ಎಮ್ಯುಲೇಟರು (ಹಳೆ ಕಂಪ್ಯೂಟರಿನ ಹಾಗೆ ನಟಿಸುವ ಪ್ರೋಗ್ರಾಂ), ಮತ್ತು ಎತ್ತಿಟ್ಟಿದ್ದ ನಿಜವಾದ ಪೆಂಟಿಯಮ್ 3 ಕಂಪ್ಯೂಟರು.

ಫೈಲಿನ ದಾರಿ ಎಲ್ಲಕ್ಕಿಂತ ಸುಲಭ. ವಿಂಡೋಸ್ 98ರ ಮೀಡಿಯಾ ಫೋಲ್ಡರಿನಲ್ಲಿದ್ದ ಚಾರ್ಡ್, ಡಿಂಗ್, ಟಡಾ ಅನ್ನುವ ಸದ್ದಿನ ಫೈಲುಗಳೆಲ್ಲ ಹಳೆ ಬ್ಯಾಕಪ್ ಸಿಡಿಯಲ್ಲಿ ಸಿಕ್ಕವು. ಹೊಸ ಲ್ಯಾಪ್‌ಟಾಪಿಗೆ ಹಾಕಿ, ಎರರ್ ಬಂದಾಗ ಚಾರ್ಡ್ ಕೇಳುವ ಹಾಗೆ ಮಾಡಿಕೊಂಡೆ. ಮೊದಲ ದಿನ ಖುಷಿಯಾಯಿತು. ವಾರ ಕಳೆಯುವಷ್ಟರಲ್ಲಿ ಸಪ್ಪೆ ಅನಿಸಿತು. ವಿಂಡೋಸ್ 95 ಶುರುವಾಗುವಾಗಿನ ಸುಮಾರು 6 ಸೆಕೆಂಡಿನ ನಾದ ಮಾತ್ರ ಇವತ್ತಿಗೂ ಚೆನ್ನಾಗಿ ಕೇಳಿಸುತ್ತದೆ. ಅದನ್ನು ಸಂಗೀತಗಾರ ಬ್ರಯಾನ್ ಈನೋ ಸಂಗೀತವಾಗಿಯೇ ಕಟ್ಟಿದ್ದರು, ಹಾಗಾಗಿ ಎಲ್ಲಿ ಹಾಕಿದರೂ ನಿಲ್ಲುತ್ತದೆ. ಎರರ್ ಸದ್ದಿಗೆ ಆ ಬಲ ಇಲ್ಲ. ಸೇವ್ ಮಾಡದ ಫೈಲೊಂದು ಹೋಯಿತೇನೋ ಅಂತ ಎದೆ ಧಸಕ್ ಅಂದರೆ ಮಾತ್ರ ಅದು ಎರರ್ ಸದ್ದು.

ಎಮ್ಯುಲೇಟರಿಗೆ 86ಬಾಕ್ಸ್ ಬಳಸಿದೆ. ಅದು ಹಳೆ ಬೋರ್ಡು, ಕಾರ್ಡು ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ನಡೆಸುತ್ತದೆ. ಒಳಗೆ ವಿಂಡೋಸ್ 98 ಹಾಕಿದೆ. ಒಂದು ಪ್ರೋಗ್ರಾಂ ಹ್ಯಾಂಗ್ ಆಯಿತು. ಅದರ ಮೇಲೆ ಬಂದಿದ್ದ ಚಿಕ್ಕ ಎರರ್ ಡಬ್ಬವನ್ನು ಮೌಸಿನಲ್ಲಿ ಹಿಡಿದು ಎಳೆದೆ. ಬಂತು ನೋಡಿ! ಡಬ್ಬ ಹೋದ ದಾರಿಯುದ್ದಕ್ಕೂ ಅದರದೇ ನಕಲುಗಳು, ಇಸ್ಪೀಟ್ ಎಲೆ ಹರಡಿದ ಹಾಗೆ. ನಾನು ಸುಮ್ನೆ ಹತ್ತು ನಿಮಿಷ ಸುತ್ತು ಸುತ್ತಾಗಿ ಎಳೆಯುತ್ತಾ ಕೂತಿದ್ದೆ. ಆಗ ಪರದೆಯ ಎಲ್ಲ ಕಿಟಕಿಗಳೂ ಒಂದೇ ಹಲಗೆಯ ಮೇಲೆ ಬರೆದ ಹಾಗೆ ಇರುತ್ತಿದ್ದವು. ಮೇಲಿನದು ಸರಿದರೆ ಕೆಳಗಿನ ಪ್ರೋಗ್ರಾಮೇ ಆ ಜಾಗವನ್ನು ಮತ್ತೆ ಬರೆಯಬೇಕು. ಅದು ಹ್ಯಾಂಗ್ ಆಗಿದ್ದರೆ ಬರೆಯುವವರು ಯಾರು? ವಿಂಡೋಸ್ ವಿಸ್ತಾದಿಂದ ಈಚೆಗೆ ಪ್ರತಿ ಕಿಟಕಿಯ ಚಿತ್ರವೂ ಮೆಮೊರಿಯಲ್ಲಿ ಬೇರೆಯಾಗಿ ಇರುತ್ತದೆ. ನಕಲುಗಳ ಆ ಬಾಲ ಹೋಗಿದ್ದೇ ಹಾಗೆ. ಕಣ್ಣಿಗೆ ಬೇಕಾದ ಗ್ಲಿಚ್‌ಗಳ ಮಟ್ಟಿಗೆ ಎಮ್ಯುಲೇಟರಿಗೇ ನನ್ನ ಓಟು.

ಸದ್ದಿನಲ್ಲಿ ಅದು ಸೋತಿತು. ಲ್ಯಾಪ್‌ಟಾಪಿಗೆ ಕೆಲಸ ಜಾಸ್ತಿಯಾದರೆ ಎಮ್ಯುಲೇಟರಿನ ಸದ್ದು ತುಂಡು ತುಂಡಾಗುತ್ತದೆ. ಹಳೆ ಕಂಪ್ಯೂಟರ್ ಹಾಗೆ ತೊದಲುತ್ತಿರಲಿಲ್ಲ. ಹಾಡಿನ ಮಧ್ಯೆ ಸಿಸ್ಟಮ್ ಸತ್ತರೆ ಸೌಂಡ್ ಕಾರ್ಡು ಬಫರಿನಲ್ಲಿ, ಅಂದರೆ ಸದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಮೆಮೊರಿಯಲ್ಲಿ, ಉಳಿದ ಚೂರನ್ನೇ ಮತ್ತೆ ಮತ್ತೆ ನುಡಿಸುತ್ತಿತ್ತು: ಡಡಡಡಡ ಅಂತ, ರೀಸೆಟ್ ಒತ್ತುವವರೆಗೂ. ಇವೆರಡರ ವ್ಯತ್ಯಾಸ ಕೇಳಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಕೊನೆಗೆ ಪೆಂಟಿಯಮ್ 3 ಕೆಳಗಿಳಿಸಿದೆ. ಧೂಳು ಹೊಡೆದು ಪವರ್ ಒತ್ತಿದೆ. ಫ್ಯಾನ್ ಗುಂಯ್ ಅಂತು. ಹಾರ್ಡ್ ಡಿಸ್ಕ್ ನಿಧಾನಕ್ಕೆ ಸ್ವರ ಏರಿಸಿತು. ಫ್ಲಾಪಿ ಡ್ರೈವ್ ಒಂದು ಸಲ ಕರ್ರ್ ಅಂತು. ಆಮೇಲೆ ಒಂದೇ ಒಂದು ಚಿಕ್ಕ ಬೀಪ್. ಎಲ್ಲ ಸರಿ ಇದೆ ಅಂತ ಅರ್ಥ. ನನ್ನ ಕಣ್ಣು ಮಂಜಾಯಿತು. ಮರುಕ್ಷಣವೇ ಪರದೆಯ ಮೇಲೆ ಸಿಮಾಸ್ (ತಾರೀಖು, ಸೆಟ್ಟಿಂಗ್ ಇಟ್ಟುಕೊಳ್ಳುವ ಮೆಮೊರಿ) ಚೆಕ್‌ಸಮ್ ಎರರ್, ಮುಂದಕ್ಕೆ ಹೋಗಲು ಎಫ್1 ಒತ್ತಿ ಅಂತ. ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಹೊಸ ಸಿಆರ್2032 ಬ್ಯಾಟರಿ ಹಾಕಿದ ಮೇಲೆ ತಾರೀಖು ಅಳಿಯದೆ ಉಳಿಯಿತು.

ವಿಂಡೋಸ್‌ಗಿಂತ ಹಳೆಯದಾದ ಡಾಸ್‌ನಲ್ಲಿ ಒಂದು ಪ್ರೋಗ್ರಾಂ ಸಿಕ್ಕಿಹಾಕಿಕೊಂಡಾಗ ಕೀಗಳನ್ನು ಒಂದೇ ಸಮ ಒತ್ತಿದೆ. ಕೀಬೋರ್ಡ್ ಬಫರಿನಲ್ಲಿ 15 ಕೀಗಳಿಗೆ ಮಾತ್ರ ಜಾಗ. ಅದು ತುಂಬಿದ ಮೇಲೆ ಒತ್ತಿದ್ದಕ್ಕೆಲ್ಲ ಬೀಪ್, ಬೀಪ್. ಸಾಕಪ್ಪಾ, ನಿಲ್ಲಿಸು ಅನ್ನುವ ಹಾಗೆ! ಆ ಸದ್ದು ಹೊರಗಿನ ಸ್ಪೀಕರಿನದ್ದಲ್ಲ, ಕ್ಯಾಬಿನೆಟ್ ಒಳಗಿನ ಚಿಕ್ಕ ಸ್ಪೀಕರಿನದು. ವಿಂಡೋಸ್ 7ರಿಂದ ಬೀಪನ್ನೂ ಸೌಂಡ್ ಕಾರ್ಡಿಗೇ ಕಳಿಸುತ್ತಾರೆ. ತಗಡಿನ ಡಬ್ಬದೊಳಗಿಂದ ಬರುವ ಆ ಒರಟು ದನಿ ಅಲ್ಲಿ ಹುಟ್ಟುವುದೇ ಇಲ್ಲ.

ಹಾಗಾಗಿ ಕಿವಿಗೆ ಬೇಕಾದರೆ ನಿಜವಾದ ಹಳೆ ಮೆಷಿನ್ನೇ ಬೇಕು, ನನಗದರಲ್ಲಿ ಅನುಮಾನವಿಲ್ಲ. ಆದರೆ ಹಾರ್ಡ್ ಡಿಸ್ಕಿನ ಟಕ್ ಟಕ್ ಈಗಲೇ ಸ್ವಲ್ಪ ಬೇರೆ ಥರ ಇದೆ. ದಿನಾ ಆನ್ ಮಾಡಲು ಧೈರ್ಯ ಬರುವುದಿಲ್ಲ. ಮೊನ್ನೆ ಫೋನನ್ನು ಕ್ಯಾಬಿನೆಟ್ ಮೇಲಿಟ್ಟು, ಪವರ್ ಒತ್ತಿದಾಗಿನಿಂದ ಡೆಸ್ಕ್‌ಟಾಪ್ ಬರುವವರೆಗೂ ಎಲ್ಲ ರೆಕಾರ್ಡ್ ಮಾಡಿಕೊಂಡೆ. ಈಗ ಎಮ್ಯುಲೇಟರ್ ಶುರು ಮಾಡುವಾಗ ಅದನ್ನೂ ಪಕ್ಕದಲ್ಲಿ ಹಾಕುತ್ತೇನೆ. ಎರಡೂ ಜೊತೆಗೆ ಸರಿಯಾಗಿ ಕೂರುವುದಿಲ್ಲ, ಬೀಪ್ ಒಂದು ಸೆಕೆಂಡ್ ಮೊದಲೇ ಬಂದುಬಿಡುತ್ತದೆ.