ಹಾರ್ಡ್‌ಟಾಪ್ ಕನ್ವರ್ಟಿಬಲ್ ಕಾರನ್ನು ಫೋಮ್ ವಾಶ್‌ಗೆ ಬಿಡುವ ಮುನ್ನ

ಮಡಚಿಕೊಳ್ಳುವ ಲೋಹದ ಚಾವಣಿಯ ಕಾರು ಇಟ್ಟುಕೊಂಡವರು, ಅದರಲ್ಲೂ ಹಳೆಯ ಮರ್ಸಿಡಿಸ್ ಎಸ್‌ಎಲ್‌ಕೆ ಅಥವಾ ಬಿಎಂಡಬ್ಲ್ಯು ಝಡ್4 ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಅಕ್ಕರೆಯಿಂದ ನೋಡಿಕೊಳ್ಳುತ್ತಿರುವವರು, ಅದನ್ನು ರಸ್ತೆಬದಿಯ ವಾಟರ್ ಸರ್ವಿಸ್‌ಗಾಗಲಿ, ಎಸಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟು, ಕಾರನ್ನು ತೊಳೆದು ಪಾಲಿಶ್ ಮಾಡಿಕೊಡುವ ಡೀಟೇಲಿಂಗ್ ಅಂಗಡಿಗಾಗಲಿ ಬಿಡುವ ಮುನ್ನ ಈ ಬರಹವನ್ನು ಒಮ್ಮೆ ಓದಬೇಕೆಂದು ವಿನಂತಿ. ನನ್ನ ಕಾರಿಗೆ ಹಾನಿಯಾದದ್ದು ಎರಡನೆಯ ಬಗೆಯ ಅಂಗಡಿಯಲ್ಲಿ. ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಅಲ್ಲಿ ನಡೆದದ್ದು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನಡೆಯಬಹುದಾದ ಸಂಗತಿ.

ನನ್ನದು ಎಸ್‌ಎಲ್‌ಕೆಯ ಎರಡನೆಯ ಪೀಳಿಗೆಯ ಕಪ್ಪು ಕಾರು. ಈ ಕಾರಿನ ಮೊದಲ ಪೀಳಿಗೆ 1996ರಲ್ಲಿ ಬಂದಿತು, ಎರಡನೆಯದು 2004ರಲ್ಲಿ. ಗುಂಡಿ ಒತ್ತಿದರೆ ಸುಮಾರು 22 ಸೆಕೆಂಡುಗಳಲ್ಲಿ ಚಾವಣಿಯು ಎರಡು ತುಂಡಾಗಿ ಮಡಚಿಕೊಂಡು, ಹಿಂದಿನ ಗಾಜು ತಿರುಗಿ ಒಳಮುಖವಾಗಿ, ಎಲ್ಲವೂ ಡಿಕ್ಕಿಯೊಳಗೆ ಸೇರಿಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಮಾಮೂಲಿ ಕಾರಿನ ಚಾವಣಿಯಂತೆಯೇ ಕಾಣುತ್ತದೆ, ತೊಂದರೆಯ ಮೂಲವೂ ಅದೇ. ಬಟ್ಟೆಯ ಹುಡ್ ಇರುವ ಕಾರನ್ನು ಕಂಡರೆ ತೊಳೆಯುವ ಹುಡುಗರೂ ಒಂದು ಕ್ಷಣ ಯೋಚಿಸುತ್ತಾರೆ. ಲೋಹದ ಚಾವಣಿಯನ್ನು ಕಂಡಾಗ ಯಾರೂ ಯೋಚಿಸುವುದಿಲ್ಲ. ವಾಸ್ತವದಲ್ಲಿ ಅದು ಬೆಸುಗೆ ಹಾಕಿದ ಒಂದೇ ತಗಡಲ್ಲ. ಬಣ್ಣ ಬಳಿದ ಬಿಡಿ ತುಂಡುಗಳು, ಅವುಗಳ ನಡುವೆ ನೀರನ್ನು ತಡೆಯುವ ರಬ್ಬರ್ ಬೀಡಿಂಗ್, ಬೀಡಿಂಗ್ ದಾಟಿ ಬಂದ ನೀರನ್ನು ಹಿಡಿದು ಕೆಳಗೆ ಬಿಡುವ ಕಾಲುವೆ ಮತ್ತು ಡ್ರೈನ್ ಪೈಪುಗಳು ಸೇರಿದ ಒಂದು ಏರ್ಪಾಡು. ಬಾಗಿಲಿನ ಗಾಜುಗಳಿಗೂ ಚೌಕಟ್ಟಿಲ್ಲ. ಗಾಜಿನ ಮೇಲಂಚು ನೇರವಾಗಿ ಬೀಡಿಂಗ್‌ಗೆ ಒತ್ತಿಕೊಂಡು ನಿಂತಿರುತ್ತದೆ, ಅಷ್ಟೆ.

ಕಾರು ಬಿಡುವಾಗ ಜಾಬ್ ಕಾರ್ಡಿನ ಮೇಲೆ ನಾನೇ ಬರೆಸಿದ್ದೆ: ಚಾವಣಿಯ ಸಂದುಗಳಿಗೆ ಪ್ರೆಷರ್ ಗನ್ ಹಿಡಿಯಬಾರದು, ಚಾವಣಿಯನ್ನು ತೆರೆಯಬಾರದು, ಬೀಡಿಂಗ್‌ಗೆ ಏನನ್ನೂ ಹಚ್ಚಬಾರದು. ಮೇಲ್ವಿಚಾರಕರು ನಗುತ್ತಲೇ, "ಸಾರ್, ದಿನಾ ಬೆಂಜು, ಆಡಿ ಎಲ್ಲಾ ಮಾಡ್ತೀವಿ. ಇದೂ ಕಾರೇ ಅಲ್ವಾ?" ಎಂದರು. ಆ ಚೀಟಿ ಅವರ ಮೇಜಿನ ಮೇಲೇ ಉಳಿಯಿತೆಂದು ಕಾಣುತ್ತದೆ, ಏಕೆಂದರೆ ತೊಳೆಯುತ್ತಿದ್ದ ಹುಡುಗನಿಗೆ ಅದರಲ್ಲಿ ಒಂದು ಮಾತೂ ತಲುಪಿರಲಿಲ್ಲ. ಅವನನ್ನು ನಾನು ದೂರುವುದಿಲ್ಲ. ಅವನಿಗೆ ಹೇಳಿಕೊಟ್ಟಿದ್ದೇ ಹಾಗೆ.

ಸಂದಿನೊಳಗೆ ನಿಂತ ನೊರೆಯನ್ನು ತೆಗೆಯಲೆಂದು ಅವನು ಗನ್ನಿನ ಮೂತಿಯನ್ನು ಚಾವಣಿಯ ಎರಡು ತುಂಡುಗಳು ಸೇರುವ ಗೆರೆಗೆ ಗೇಣು ದೂರದಲ್ಲಿ ಹಿಡಿದು ಉದ್ದಕ್ಕೂ ಎಳೆದ. ಗಾಜಿನ ಗೋಡೆಯಾಚೆಯಿಂದ ಅದನ್ನು ಕಂಡು ನಾನು ಹೊರಗೆ ಬರುವಷ್ಟರಲ್ಲಿ ಸೀಟಿನ ಹೆಗಲ ಮೇಲೆ ನೀರು ಇಳಿದಾಗಿತ್ತು. ಒರೆಸಿದರೆ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದರು. ಆಮೇಲಿನದು ನನ್ನ ಕಣ್ಣಿಗೆ ಬೀಳಲಿಲ್ಲ, ಕಾರು ಒಳಗಿನ ಶೆಡ್ಡಿಗೆ ಹೋಗಿತ್ತು. ಅಲ್ಲಿ ಡ್ರೈನ್ ಪೈಪಿನ ಬಾಯಿಗೆ ಕಂಪ್ರೆಸರ್ ಗಾಳಿ ಹೊಡೆದಿದ್ದಾರೆ, ಬೀಡಿಂಗ್‌ಗೆಲ್ಲ ಟೈರಿಗೆ ಹಚ್ಚುವ ಪಾಲಿಶ್ ಬಳಿದಿದ್ದಾರೆ, ಚಾವಣಿಗೆ ಮಷೀನಿನಿಂದ ರಬ್ಬಿಂಗ್, ಅಂದರೆ ಬಣ್ಣದ ಮೇಲ್ಪದರವನ್ನು ಉಜ್ಜಿ ಹೊಳಪು ತರಿಸುವ ಕೆಲಸ, ಮಾಡಿದ್ದಾರೆ. ರಬ್ಬಿಂಗ್ ನಾನು ಕೇಳಿದ್ದೇ ಅಲ್ಲ. "ಕಾಂಪ್ಲಿಮೆಂಟರಿ" ಎಂದು ಬಿಲ್ಲಿನಲ್ಲಿ ಬರೆದಿದ್ದರು.

ಸಂಜೆ ಕಾರು ಕೈಗೆ ಬಂದಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಮರುದಿನ ಬಿಸಿಲಿನಲ್ಲಿ ನಿಲ್ಲಿಸಿದಾಗ ಚಾವಣಿಯ ತುಂಬ ಸುತ್ತುಸುತ್ತಾದ ಮಂಜು ಗೆರೆಗಳು ಎದ್ದವು. ಕಪ್ಪು ಬಣ್ಣದ ಮೇಲೆ ಒರಟು ಪ್ಯಾಡಿನ ರೋಟರಿ ಮಷೀನು ಓಡಿಸಿದರೆ ಮೂಡುವ ಗುರುತು ಇದು. ಚಾವಣಿಯ ಮುಂದಿನ ತುಂಡಿನ ಅಂಚಿನಲ್ಲಿ, ಬೆರಳಗಲದಷ್ಟು ಜಾಗದಲ್ಲಿ, ಬಣ್ಣವೇ ತೇಯ್ದು ಕೆಳಗಿನ ಬೂದು ಪ್ರೈಮರ್ ಇಣುಕುತ್ತಿತ್ತು. ಸಂದುಗಳೊಳಗೆ ರಬ್ಬಿಂಗ್‌ಗೆ ಬಳಸಿದ ಕಾಂಪೌಂಡ್ ಪೇಸ್ಟ್ ಒಣಗಿ ಸುಣ್ಣದಂತೆ ಬಿಳಿಚಿಕೊಂಡಿತ್ತು. ಇವೆಲ್ಲ ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ತಿಳಿದದ್ದು ಮೇ ತಿಂಗಳ ಮೊದಲ ಜೋರು ಮಳೆಯಲ್ಲಿ. ಸೀಟಿನ ಹಿಂದಿನ ಕಾರ್ಪೆಟ್ ತೊಯ್ದು, ಎರಡೇ ದಿನಕ್ಕೆ ಕಾರಿನೊಳಗೆ ಕೊಳೆತ ಗೋಣಿಯ ವಾಸನೆ ಹಿಡಿಯಿತು.

ಪರಿಚಯದ ಮೆಕ್ಯಾನಿಕ್ ಒಬ್ಬರು ಒಳಗಿನ ಟ್ರಿಮ್ ಬಿಚ್ಚಿ ಟಾರ್ಚ್ ಹಿಡಿದು ತೋರಿಸಿದರು. ಡ್ರೈನ್ ಪೈಪು ತನ್ನ ಜೋಡಣೆಯಿಂದ ಕಳಚಿ, ಬಾಗಿದ ತುದಿ ಅತ್ತ ತಿರುಗಿಕೊಂಡಿತ್ತು. ಕಾಲುವೆಯ ನೀರೆಲ್ಲ ನೇರವಾಗಿ ಬಾಡಿಯೊಳಕ್ಕೆ ಸುರಿಯುತ್ತಿತ್ತು. ಪೈಪು ಕಟ್ಟಿಕೊಂಡಿರುವಾಗ ಮೇಲಿನಿಂದ ರಭಸವಾಗಿ ಗಾಳಿ ಹೊಡೆದರೆ, ಕಸ ಜಾಗ ಬಿಡುವ ಮೊದಲು ಜೋಡಣೆಯೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಅವರು ಚಾವಣಿಯ ಬೀಡಿಂಗ್ ಅನ್ನು ಎರಡು ಬೆರಳಿನಲ್ಲಿ ಹಿಡಿದು ಹಿಸುಕಿದರು. ಅದು ಮೆತ್ತಗೆ, ಅಂಟಂಟಾಗಿ, ಉಬ್ಬಿದಂತಿತ್ತು, ಹೆಬ್ಬೆರಳಿಗೆ ಕಪ್ಪು ಬಣ್ಣ ಹತ್ತಿತು. ಪಾಲಿಶ್ ತಾಗದಿದ್ದ ಡಿಕ್ಕಿಯ ಒಳಅಂಚಿನ ಬೀಡಿಂಗ್ ಅನ್ನು ಹಾಗೆಯೇ ಹಿಸುಕಿದಾಗ ಬೆರಳು ಬಿಟ್ಟ ಕೂಡಲೇ ಅದು ಮೊದಲಿನ ಆಕಾರಕ್ಕೆ ಮರಳಿತು. ಎರಡೂ ಒಂದೇ ವಯಸ್ಸಿನ ರಬ್ಬರು.

ಇದರ ಕಾರಣ ತಿಳಿದುಕೊಳ್ಳುವುದು ಒಳ್ಳೆಯದು. ಕಾರುಗಳ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನದು. ಬಿಸಿಲು, ಮಳೆ, ಓಜೋನ್ ಯಾವುದಕ್ಕೂ ಅದು ಸುಲಭಕ್ಕೆ ಜಗ್ಗುವುದಿಲ್ಲ, ಆದರೆ ಪೆಟ್ರೋಲಿಯಂ ಎಣ್ಣೆ ಸೋಕಿದರೆ ಹೀರಿಕೊಂಡು ಉಬ್ಬುತ್ತದೆ. ಅಗ್ಗದ ಟೈರ್ ಪಾಲಿಶ್‌ಗಳಲ್ಲಿ ಹಲವು ಇಂತಹ ಎಣ್ಣೆ ಅಥವಾ ದ್ರಾವಕದಲ್ಲಿ ತಯಾರಾದವು. ಬಾಡಿಯ ಅಡಿಭಾಗಕ್ಕೆ ಡೀಸೆಲ್ ಸಿಂಪಡಿಸುವ ವಾಟರ್ ಸರ್ವಿಸ್ ಅಂಗಡಿಗಳೂ ನಮ್ಮಲ್ಲಿ ಉಂಟು. ಆ ತುಂತುರು ಮೇಲೆದ್ದು ಬೀಡಿಂಗ್‌ಗೆ ಕೂತರೆ ಪರಿಣಾಮ ಇದೇ. ಮಾಮೂಲಿ ಕಾರಿನಲ್ಲಿ ಬೀಡಿಂಗ್ ತುಸು ಉಬ್ಬಿದರೆ ಬಾಗಿಲು ಬಿಗಿಯಾದೀತು, ಹೆಚ್ಚೇನೂ ಆಗದು. ಹಾರ್ಡ್‌ಟಾಪಿನಲ್ಲಿ ಚಾವಣಿ ಮುಚ್ಚಿದಾಗಲೆಲ್ಲ ಉಬ್ಬಿದ ರಬ್ಬರು ಮಡಚಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡಲ್ಲಿ ಹರಿಯುತ್ತದೆ, ಹರಿದಲ್ಲಿ ಸೋರುತ್ತದೆ. ಹೊಸ ಬೀಡಿಂಗ್‌ನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಬೀಡಿಂಗ್‌ಗೆ ಏನನ್ನಾದರೂ ಹಚ್ಚಲೇಬೇಕೆ ಎಂದರೆ, ಹೌದು, ಹಚ್ಚಬೇಕು; ಆದರೆ ಕಾರು ತಯಾರಕರು ಹೇಳಿದ್ದನ್ನೇ ಹಚ್ಚಬೇಕು. ಅಮೆರಿಕದಲ್ಲಿರುವ ನನ್ನ ಭಾವನವರ ಬಳಿ ಫೋಕ್ಸ್‌ವ್ಯಾಗನ್ ಇಯೋಸ್ ಇದೆ. ಪೋರ್ಚುಗಲ್ಲಿನ ಪಾಲ್ಮೆಲಾ ಕಾರ್ಖಾನೆಯಲ್ಲಿ 2006ರಿಂದ 2015ರವರೆಗೆ ತಯಾರಾದ, ಐದು ತುಂಡುಗಳ ಚಾವಣಿಯ ಕಾರು ಅದು. ಆ ಕಾರಿನ ಬೀಡಿಂಗ್‌ಗೆ ಕ್ರೈಟಾಕ್ಸ್ ಎಂಬ ಫ್ಲೋರಿನ್ ಆಧಾರಿತ ಲೂಬ್ರಿಕೆಂಟನ್ನು ಆಗಾಗ ಹಚ್ಚಬೇಕೆಂಬುದು ಕಂಪನಿಯದೇ ಸೂಚನೆ. ಅದರ ಚಿಕ್ಕ ಬಾಟಲಿಗೂ ಕಣ್ಣು ಬಿಡುವಂತಹ ಬೆಲೆಯಿದೆ, ಆದರೆ ರಬ್ಬರನ್ನು ಉಬ್ಬಿಸದೆ ಜಾರುವಂತೆ ಇಡುತ್ತದೆ. ಬೇರೆ ಕಾರುಗಳವರು ತಮ್ಮ ಕೈಪಿಡಿ ನೋಡಿ, ಇಲ್ಲವೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿ ಕೊಳ್ಳುವುದು ಲೇಸು. ಬೀಡಿಂಗ್ ಅನ್ನು ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ತೆಳುವಾಗಿ ಸವರಿ, ಮಿಕ್ಕಿದ್ದನ್ನು ಒರೆಸಿ ತೆಗೆಯಬೇಕು. ಹೊಳಪು ಬರಲೆಂದು ಹಚ್ಚುವ ವಸ್ತು ಇದಲ್ಲ.

ಇನ್ನು ಬಣ್ಣದ ವಿಚಾರ. ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ, ಅದರಲ್ಲಿ ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಸುಮಾರು 40ರಿಂದ 50 ಮೈಕ್ರಾನ್. ಪ್ರತಿ ರಬ್ಬಿಂಗ್ ಅದರಲ್ಲಿ ಕೆಲವು ಮೈಕ್ರಾನ್‌ಗಳನ್ನು ತಿನ್ನುತ್ತದೆ, ಮತ್ತು ಅಂಚುಗಳಲ್ಲಿ ಈ ಪದರ ಮೊದಲೇ ತೆಳು. ಮಾಮೂಲಿ ಚಾವಣಿಯಲ್ಲಿ ಇಂತಹ ಅಂಚುಗಳು ಕಡಿಮೆ, ನಮ್ಮ ಚಾವಣಿಯಲ್ಲಿ ಪ್ರತಿ ತುಂಡಿಗೂ ಸುತ್ತ ಅಂಚು. ರಬ್ಬಿಂಗ್ ಮಾಡಿಸಲೇಬೇಕಾದರೆ ಅಂಚುಗಳಿಗೂ ಬೀಡಿಂಗ್‌ಗೂ ಮಾಸ್ಕಿಂಗ್ ಟೇಪ್ ಹಚ್ಚಿಸಿ, ಎದುರಿಗೆ ನಿಂತು ಮಾಡಿಸಬೇಕು. ಟೇಪ್ ಇಲ್ಲದೆ ಮಷೀನು ಎತ್ತುವ ಅಂಗಡಿಯಿಂದ ಕಾರನ್ನು ಹೊರಗೆ ತರುವುದೇ ವಿವೇಕ. ಮರ್ಸಿಡಿಸ್‌ನವರು 2003ರ ಕೊನೆಯಿಂದ ನ್ಯಾನೋ ಕಣಗಳ ಗಟ್ಟಿ ಕ್ಲಿಯರ್ ಕೋಟ್ ಬಳಸತೊಡಗಿದರು, ಅದಕ್ಕೆ ಗೀರು ಬೀಳುವುದಿಲ್ಲ ಎಂದು ಆ ಮೇಲ್ವಿಚಾರಕರು ನನಗೆ ಪಾಠ ಹೇಳಿದರು. ಅದು ಗೀರನ್ನು ಕಡಿಮೆ ಮಾಡುತ್ತದೆ ಎಂಬುದು ನಿಜ. ಒರಟು ಪ್ಯಾಡಿನ ಮಷೀನಿಗೆ ಎದೆಯೊಡ್ಡಿ ನಿಲ್ಲುತ್ತದೆ ಎಂದು ಯಾರೂ ಹೇಳಿಲ್ಲ.

ನೀರಿನ ಬಗ್ಗೆಯೂ ಎಚ್ಚರ ಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಆ ನಿರ್ಧಾರ ಸರಿಯಾದದ್ದೇ. ತೊಳೆಯುವ ಅಂಗಡಿಗಳಲ್ಲಿ ಬಹುಪಾಲು ಬಳಕೆಯಾಗುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು, ಅದರಲ್ಲಿ ಸುಣ್ಣದಂಶ ಹೆಚ್ಚು. ಬಿಸಿಲಿಗೆ ಕಾದ ಚಾವಣಿಯ ಮೇಲೆ ಈ ಗಡಸು ನೀರು ಹನಿಯಾಗಿ ನಿಂತು ಆರಿದರೆ ಉಳಿಯುವ ಬಿಳಿ ಕಲೆ, ಹಾಗೇ ಬಿಟ್ಟರೆ ಕ್ಲಿಯರ್ ಕೋಟನ್ನು ಕೊರೆದು ಕೂರುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಒಂದೇ ಬಕೆಟ್ಟು, ಒಂದೇ ಬನಿಯನ್ ವೇಸ್ಟ್ ಹಿಡಿದು ಸಾಲಿನ ಕಾರುಗಳನ್ನೆಲ್ಲ ಒರೆಸುವ ಪದ್ಧತಿಯಂತೂ ಕಪ್ಪು ಬಣ್ಣದ ಶತ್ರು. ನಾನು ಅವರಿಗೆ ತಿಂಗಳ ಹಣ ಕೊಟ್ಟು, ನನ್ನ ಕಾರನ್ನು ಮುಟ್ಟಬೇಡಿ ಎಂದು ಕೇಳಿಕೊಂಡಿದ್ದೇನೆ. ನಗಬೇಡಿ, ಅದು ಪೇಂಟಿಂಗ್‌ಗಿಂತ ಅಗ್ಗ.

ಈಗ ಕಾರನ್ನು ಮನೆಯಲ್ಲೇ ತೊಳೆಯುತ್ತೇನೆ. ಸೂರ್ಯ ಏರುವ ಮುನ್ನ, ತಣ್ಣಗಿರುವ ಬೇಸ್‌ಮೆಂಟಿನಲ್ಲಿ, ಒಂದು ಬಕೆಟ್ ನೀರಿಗೆ ರಿನ್ಸ್‌ಲೆಸ್ ಶಾಂಪೂ (ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ ಶಾಂಪೂ) ಬೆರೆಸಿ, ಹಲವು ಮೈಕ್ರೋಫೈಬರ್ ಬಟ್ಟೆಗಳನ್ನು ಅದರಲ್ಲಿ ನೆನೆಹಾಕುತ್ತೇನೆ. ಬಟ್ಟೆಯೊಂದನ್ನು ನಾಲ್ಕಾಗಿ ಮಡಚಿದರೆ ಎಂಟು ಮೈ ಸಿಗುತ್ತದೆ. ಕೊಳೆಯಾದ ಮೈಯನ್ನು ಮತ್ತೆ ಬಣ್ಣಕ್ಕೆ ತಾಗಿಸದೆ, ಚಾವಣಿಯಿಂದ ಆರಂಭಿಸಿ ಕೆಳಗೆ ಬಂದರೆ ಗೀರು ಬೀಳುವುದು ಅಪರೂಪ. ಕೆಸರು ಮೆತ್ತಿದ್ದರೆ ಮಾತ್ರ ಮೊದಲು ಪೈಪಿನ ಸಣ್ಣ ಧಾರೆಯಲ್ಲಿ ಅದನ್ನು ಇಳಿಸಬೇಕು, ಒಣ ಕೆಸರಿನ ಮೇಲೆ ಬಟ್ಟೆ ಆಡಿಸಬಾರದು. ಗನ್ ಬಳಸುವವರು ಚಾವಣಿಯ ಸಂದು ಮತ್ತು ಗಾಜಿನ ಅಂಚಿನಿಂದ ಮಾರುದೂರ ನಿಂತು, ನೀರು ಮೇಲಿನಿಂದ ಕೆಳಕ್ಕೆ ಜಾರಿ ಹೋಗುವಂತೆ ಹಿಡಿಯಬೇಕು. ಬೀಡಿಂಗ್‌ನ ತುಟಿಯನ್ನು ಎತ್ತುವಂತೆ ಕೆಳಗಿನಿಂದ ಮೇಲಕ್ಕೆ ಎಂದೂ ಹಿಡಿಯಬಾರದು. ತೊಳೆದ ಮೇಲೆ ಚಾವಣಿ ಪೂರ್ತಿ ಒಣಗುವ ತನಕ ಅದನ್ನು ತೆರೆಯಬಾರದು: ಮೇಲೆ ನಿಂತ ನೀರೆಲ್ಲ ಡಿಕ್ಕಿಯೊಳಗೆ ಇಳಿಯುತ್ತದೆ, ಅದರ ಜೊತೆ ಹೋದ ಮರಳಿನ ಕಣಗಳು ಮಡಚಿದ ತುಂಡುಗಳ ನಡುವೆ ಸೇರಿಕೊಳ್ಳುತ್ತವೆ. ಒಣಗಿದ ಮೇಲೆ ಅರ್ಧ ತೆರೆದು ನಿಲ್ಲಿಸಿ ಕಾಲುವೆಯಲ್ಲಿ ಸಿಕ್ಕ ಕಸವನ್ನು ಕೈಯಿಂದಲೇ ತೆಗೆಯುವವರಿದ್ದಾರೆ. ನಾನು ಪೂರ್ತಿ ತೆರೆದು, ಎಂಜಿನ್ ಆರಿಸಿ ತೆಗೆಯುತ್ತೇನೆ, ಚಲಿಸುವ ಲೋಹದ ನಡುವೆ ಬೆರಳಿಡುವ ಧೈರ್ಯ ನನಗಿಲ್ಲ. ಗುಲ್‌ಮೊಹರ್ ಮರದ ಸಣ್ಣ ಎಲೆಗಳು ಡ್ರೈನ್ ಪೈಪಿನ ಬಾಯಿಗೆ ಅಳತೆ ತೆಗೆದು ಮಾಡಿಸಿದಂತಿರುತ್ತವೆ, ಹೂ ಬಿಡುವ ಕಾಲಕ್ಕೆ ಅದರ ಕೆಳಗೆ ನಿಲ್ಲಿಸದಿರುವುದೇ ಉತ್ತಮ. ಪೈಪು ಸರಿಯಿದೆಯೇ ಎಂದು ತಿಳಿಯಲು ಕಾಲುವೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿದು, ಅದು ಕಾರಿನ ಅಡಿಯಿಂದ ನೆಲಕ್ಕೆ ಬೀಳುವುದೇ ಎಂದು ನೋಡಿದರೆ ಸಾಕು. ಬೀಳದಿದ್ದರೆ ಮೆಕ್ಯಾನಿಕ್ ಬಳಿ ಹೋಗಬೇಕು. ಗಾಳಿ ಹೊಡೆಯುವುದೂ ಬೇಡ, ತಂತಿ ತೂರಿಸುವುದೂ ಬೇಡ.

ಅಂಗಡಿಯವರು ಮೊದಲು, ಕಾರು ಬರುವಾಗಲೇ ಹಾಗಿತ್ತು ಎಂದರು. ಕಾರು ಬಿಡುವ ದಿನ ತೆಗೆದ ಫೋಟೋಗಳನ್ನೂ ಜಾಬ್ ಕಾರ್ಡಿನ ಪ್ರತಿಯನ್ನೂ ಮುಂದಿಟ್ಟಾಗ, ಮತ್ತೊಂದು ಪಾಲಿಶ್ ಉಚಿತವಾಗಿ ಮಾಡಿಕೊಡುವುದಾಗಿ ಹೇಳಿದರು. ಅದನ್ನು ಒಪ್ಪಿಕೊಂಡಿದ್ದರೆ ಇರುವ ಕ್ಲಿಯರ್ ಕೋಟೂ ಹೋಗುತ್ತಿತ್ತು. ಇಂತಹ ಪ್ರಕರಣದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ನನ್ನ ದೂರಿನ ಕಾಗದಗಳು ಸಿದ್ಧವಾಗಿವೆ. ಬಿಲ್ಲು, ಜಾಬ್ ಕಾರ್ಡಿನ ಪ್ರತಿ, ಚಾವಣಿಯ ನಾಲ್ಕೂ ಅಂಚುಗಳ ಮತ್ತು ಬೀಡಿಂಗ್‌ನ ಹತ್ತಿರದ ಫೋಟೋ, ಇವು ಕೈಯಲ್ಲಿರದೆ ಕೀಲಿಯನ್ನು ಅಂಗಡಿಯವರ ಕೈಗೆ ಕೊಡಬೇಡಿ.